ಸುತ್ತು ನಿಂತ್ರೆ ಹಿಂದಿನ ಸಾಲೇ ಇರಲ್ಲ

ಈಗ ಸ್ಕೂಲ್ ಡೇ ಅಂದ್ರೆ ಎಲ್ಲಾ ಕಡೆ ಒಂದೇ ಥರ, ಯಾವ್ದೋ ಸಿನಿಮಾ ಹಾಡು, ಬಾಡಿಗೆ ಡ್ರೆಸ್ಸು, ಚೆನ್ನಾಗಿ ಕುಣಿಯೋ ನಾಲ್ಕು ಮಕ್ಳು ಮುಂದೆ, ಮಿಕ್ಕವರು ಹಿಂದೆ ಕೈ ಆಡಿಸ್ಕೊಂಡು ನಿಂತಿರ್ತಾರೆ. ಹಿಂದಿರೋ ಮಗೂಗೆ ಚೆನ್ನಾಗೇ ಗೊತ್ತಿರತ್ತೆ, ನಾನಿಲ್ದಿದ್ರೂ ಇದು ನಡಿಯತ್ತೆ ಅಂತ. ಆಮೇಲೆ ಇದ್ರಿಂದ ಧೈರ್ಯ ಬರತ್ತೆ ಅಂತ ಭಾಷಣ ಬೇರೆ.

ಸಾಗರದ ಹತ್ರ ನಮ್ಮೂರಲ್ಲಿ ಪಿಯುಸಿ, ಡಿಗ್ರಿ ಓದೋ ಹುಡುಗ್ರು ಹುಡ್ಗೀರನ್ನ ಸೇರಿಸ್ಕೊಂಡು ಸಂಜೆ ಕೋಲಾಟ, ಡೊಳ್ಳು ಮಾಡಿಸ್ತಿದೀವಿ. ಹೆಗ್ಗೋಡು ಇಲ್ಲೇ ಪಕ್ಕ, ಅಲ್ಲಿ ನೀನಾಸಂ ಅನ್ನೋ ನಾಟಕದ ಸಂಸ್ಥೆ 1949ರಿಂದ ಇದೆ, ಹಂಗಾಗಿ ನಾಟಕಕ್ಕೆ ಮಕ್ಳನ್ನ ಕಳ್ಸೋಕೆ ನಮ್ ಕಡೆಯವ್ರು ಯೋಚ್ನೆ ಮಾಡಲ್ಲ, ಆದ್ರೆ ಹುಡ್ಗಿ ಡೊಳ್ಳು ಕಟ್ಕೋತೀನಿ ಅಂದ್ರೆ ಮಾತ್ರ ಮನೇಲಿ ಒಂದು ಸುತ್ತು ಪಂಚಾಯ್ತಿ ಆಗತ್ತೆ!

ನಂಗೆ ಜಾಸ್ತಿ ಇಷ್ಟ ಜಡೆ ಕೋಲಾಟ. ನೋಡಿಲ್ದೆ ಇರೋರಿಗೆ ಹೇಳ್ತೀನಿ, ಮೇಲೆ ಒಂದು ಕಡೆ ಹಗ್ಗಗಳನ್ನ ಕಟ್ಟಿ ಇಳಿಬಿಟ್ಟಿರ್ತಾರೆ, ಒಂದ್ ಕೈಲಿ ಹಗ್ಗದ ತುದಿ ಇನ್ನೊಂದ್ ಕೈಲಿ ಕೋಲು, ಅರ್ಧ ಜನ ಬಲಕ್ಕೆ ಅರ್ಧ ಜನ ಎಡಕ್ಕೆ, ಎದುರಿಗೆ ಬಂದೋರನ್ನ ಒಂದ್ಸಲ ಒಳಗಿಂದ ಒಂದ್ಸಲ ಹೊರಗಿಂದ ದಾಟ್ಕೊಂಡು ಹೋಗ್ತಾ ಇದ್ರೆ ಮೇಲೆ ಜಡೆ ಹೆಣ್ಕೊಂಡು ಬರತ್ತೆ. ಹೆಣೆಯೋದು ಸುಲಭ. ಅದೇ ಹೆಜ್ಜೇಲಿ ಉಲ್ಟಾ ಕುಣಿದು ಬಿಡಿಸ್ಬೇಕಲ್ಲ, ಅಲ್ಲಿದೆ ಮಜಾ. ಒಬ್ರು ಒಳಗೆ ಹೋಗೋ ಬದ್ಲು ಹೊರಗೆ ಹೋದ್ರೂ ಗಂಟು. ಒಬ್ರು ಬಂದಿಲ್ಲ ಅಂದ್ರೆ ಜೋಡಿನೇ ಕೂಡಲ್ಲ, ಅವತ್ತು ಜಡೆ ಇಲ್ಲ. ಹಂಗಾಗಿ ಯಾರಾದ್ರೂ ಚಕ್ಕರ್ ಹಾಕಿದ್ರೆ ಉಳಿದೋರೇ ಫೋನ್ ಮಾಡಿ ಎಲ್ಲಿದೀಯ ಅಂತ ಬೈತಾರೆ. ಕೆಲವು ಮಕ್ಳಿಗೆ ಹಿಂಗೆ ಯಾರಾದ್ರೂ ಹುಡುಕಿದ್ದೇ ಮೊದ್ಲು ಅನ್ಸತ್ತೆ.

ಒಬ್ಳು ಇದಾಳೆ, ಫಸ್ಟ್ ಪಿಯು, ಹೆಸ್ರು ಕೇಳಿದ್ರೆ ಪಕ್ಕದವಳ ಮುಖ ನೋಡ್ತಿದ್ಲು. ಒಂದಿನ ಬಿಡಿಸುವಾಗ ಗಂಟು ಬಿತ್ತು, ಎಲ್ಲರೂ ನೀನು ನೀನು ಅಂತ ಕಿತ್ತಾಡ್ತಿದ್ರೆ ಇವ್ಳು "ಏ ನಿಲ್ಸ್ರೋ, ಹಳದಿ ಹಗ್ಗ ಕೆಳಗೆ ಬರ್ಬೇಕಿತ್ತು, ಇಬ್ರೂ ಎರಡು ಹೆಜ್ಜೆ ಹಿಂದೆ ಬನ್ನಿ" ಅಂತ ಕೂಗಿದ್ಲು. ಇಷ್ಟು ದಿನ ಬಾಯಿ ಮುಚ್ಕೊಂಡು ಎಲ್ಲರ ಹಗ್ಗಾನೂ ನೋಡ್ತಿದ್ಲು ಅಂತ ಆಯ್ತು. ಬಂದ್ರು, ಬಿಚ್ಕೊಳ್ತು. ಈಗ ಗಂಟು ಬಿದ್ರೆ ಎಲ್ಲರೂ ಮೊದ್ಲು ಅವಳನ್ನೇ ಕರೀತಾರೆ, ಅವ್ಳು ಸ್ವಲ್ಪ ಜೋರೂ ಆಗಿದಾಳೆ ಬಿಡಿ.

ಡೊಳ್ಳಿನ ಕಥೆ ಬೇರೆ. ಅದು ಹಾಲುಮತದ ಕುರುಬರು ಬೀರೇಶ್ವರನಿಗೆ ಮಾಡ್ಕೊಂಡು ಬಂದಿರೋ ಸೇವೆ, ಹಂಗಾಗಿ ಆ ಮನೆತನದ ಹಿರಿಯರನ್ನೇ ಕರೆಸಿ, ಸಂಭಾವನೆ ಕೊಟ್ಟು ಕಲೀತಿದೀವಿ. ಯೂಟ್ಯೂಬ್ ನೋಡಿ ಬಡಿಯೋದು ನಂಗೆ ಸರಿ ಕಾಣಲ್ಲ.

ಹಾವೇರಿ ಕಡೆಯಿಂದ ಅಪ್ಪ ಅಮ್ಮನ ಜೊತೆ ಅಡಿಕೆ ಕೆಲಸಕ್ಕೆ ಬಂದ ಹುಡುಗ ಒಬ್ಬ ಇದಾನೆ, ಅವನ ಮಾತು ಕೇಳಿ ನಮ್ ಹುಡುಗ್ರು ಅಣಕಿಸ್ತಿದ್ರು. ಸಣಕಲ, ಡೊಳ್ಳು ಹೊತ್ಕೊಂಡು ಕುಣಿಯೋಕೆ ಆಗ್ತಿರ್ಲಿಲ್ಲ. ಆದ್ರೆ ಒಂದಿನ ಪೆಟ್ಟು ತಪ್ಪಿದಾಗ "ಹಂಗಲ್ರೀ ಅಜ್ಜಾರ, ನಮ್ಮೂರಾಗ ಬೀರಪ್ಪನ ಜಾತ್ರ್ಯಾಗ ಹಿಂಗ ಬಾರಸ್ತಾರ" ಅಂತ ತೊಡೆ ಮೇಲೆ ಬಡಿದು ತೋರಿಸ್ದ. ಡೊಳ್ಳು ಕಲಿಸೋ ಅಜ್ಜ ನಕ್ಕು ಅವನ ಕೈಗೆ ತಾಳ ಕೊಟ್ಟು ಮಧ್ಯ ನಿಲ್ಸಿದ್ರು. ತಾಳದೋನು ಹೇಳ್ದಂಗೆ ಡೊಳ್ಳಿನೋರು ಕುಣೀಬೇಕು ಅಲ್ವ, ಅಣಕಿಸ್ತಿದ್ದೋರೆಲ್ಲ ಈಗ ಅವನ ಕೈ ನೋಡ್ಕೊಂಡು ಹೆಜ್ಜೆ ಹಾಕ್ಬೇಕು. ಅಣಕಿಸೋದು ಪೂರ್ತಿ ನಿಂತಿದೆ ಅಂತ ಹೇಳಲ್ಲ, ಕಡಿಮೆ ಆಗಿದೆ.

ನಮ್ ತಲೆನೋವು ಮಳೆಗಾಲ. ಜೂನ್ ಬಂದ್ರೆ ಮೈದಾನ ಕೆಸರು, ಥಂಡಿಗೆ ಡೊಳ್ಳಿನ ಚರ್ಮ ಸಡಿಲ ಆಗಿ ಡಬ್ ಡಬ್ ಅನ್ನತ್ತೆ, ಬೆಂಕಿಗೆ ಹಿಡಿದು ಕಾಯಿಸ್ಕೊಂಡೇ ಬಾರಿಸ್ಬೇಕು. ಸಮುದಾಯ ಭವನ ಕೇಳಿದೀವಿ. ಇದ್ರ ಮಧ್ಯ ಒಂದಿಷ್ಟು ಜನ ಅಮ್ಮಂದಿರು ನಾವೂ ಕೋಲಾಟಕ್ಕೆ ಬರ್ತೀವಿ ಅಂತಿದಾರೆ, ಮಕ್ಳು ಬೇಡವೇ ಬೇಡ ಅಂತ ಹಠ ಹಿಡಿದಿವೆ, ಅದಿನ್ನೂ ತೀರ್ಮಾನ ಆಗಿಲ್ಲ.