ಒಟ್ಟು ಮೊತ್ತ ಬರೆದು ಕೆಟ್ಟೆ

ಅಪ್ರೈಸಲ್ ಎಂದ ಕೂಡಲೇ ಬೆಂಗಳೂರಿನ ನನ್ನ ತಮ್ಮನಿಗೆ ಸಂಬಳ ಏರಿಕೆಯ ಮಾತುಕತೆ ನೆನಪಾಗುತ್ತದೆ. ‘ವರ್ಷವಿಡೀ ಅದನ್ನೇ ಮಾಡುವವನು ನೀನು, ನಿನಗೆ ಬೀಳುವಷ್ಟು ಶಾಪ ಇನ್ಯಾರಿಗೂ ಬೀಳಲಿಕ್ಕಿಲ್ಲ’ ಎಂದು ಚುಡಾಯಿಸುತ್ತಾನೆ. ಶಾಪದ ಮಾತು ಸುಳ್ಳಲ್ಲ. ನಾನು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೋ, ಫ್ರಿಸ್ಕೋ, ಮೆಕಿನ್ನಿ ಕಡೆ, ಆಲಿಕಲ್ಲು ಬಿದ್ದ ಮನೆಗಳ ಚಾವಣಿ ಹತ್ತಿ ನಷ್ಟಕ್ಕೆ ಬೆಲೆ ಕಟ್ಟುವವನು. ವಿಮಾ ಕಂಪನಿಯ ಲೆಕ್ಕಕ್ಕೂ ಮನೆಯವರ ಲೆಕ್ಕಕ್ಕೂ ತಾಳೆಯಾಗದಿದ್ದಾಗ ನನ್ನಂಥವರಿಗೆ ಕರೆ ಬರುತ್ತದೆ.

ಇಲ್ಲಿನ ಮನೆ ವಿಮೆಯ ಪಾಲಿಸಿಯಲ್ಲಿ, ಯಾರೂ ಓದದ ಹಿಂದಿನ ಪುಟಗಳಲ್ಲಿ, ಅಪ್ರೈಸಲ್ ಎಂಬ ಒಂದು ಕಲಮು ಇರುವುದುಂಟು. 1943ರ ನ್ಯೂಯಾರ್ಕ್ ಮಾದರಿ ಬೆಂಕಿ ವಿಮೆಯ ಪಾಲಿಸಿಯಲ್ಲೂ ಇದ್ದ ಹಳೆಯ ಕಲಮು ಅದು. ನಷ್ಟದ ಮೊತ್ತದ ಬಗ್ಗೆ ಒಮ್ಮತವಿಲ್ಲದಿದ್ದರೆ ಎರಡರಲ್ಲಿ ಯಾವ ಪಕ್ಷವೂ ಬರವಣಿಗೆಯಲ್ಲಿ ಅಪ್ರೈಸಲ್ ಕೇಳಬಹುದು. ಸಾಮಾನ್ಯ ನಮೂನೆಯಲ್ಲಿ 20 ದಿನದೊಳಗೆ ಎರಡೂ ಕಡೆಯವರು ಒಬ್ಬೊಬ್ಬ ಅಪ್ರೈಸರನ್ನು ನೇಮಿಸಬೇಕು. ಆ ಇಬ್ಬರೂ ಸೇರಿ ಒಬ್ಬ ಅಂಪೈರನ್ನು ಆರಿಸಬೇಕು. 15 ದಿನದಲ್ಲಿ ಅದು ಆಗದಿದ್ದರೆ ನ್ಯಾಯಾಧೀಶರನ್ನು ಕೇಳಿಕೊಳ್ಳಬಹುದು. ಮೂವರಲ್ಲಿ ಯಾವ ಇಬ್ಬರು ಸಹಿ ಹಾಕಿದರೂ ಅದೇ ನಷ್ಟದ ಮೊತ್ತ. ತಮ್ಮ ತಮ್ಮ ಅಪ್ರೈಸರ್‌ಗೆ ಅವರವರೇ ಹಣ ಕೊಡುತ್ತಾರೆ, ಅಂಪೈರ್‌ನ ಖರ್ಚು ಸಮಪಾಲು. ಕ್ರಿಕೆಟ್ಟಿನ ಅಂಪೈರ್ ಪ್ರತಿ ಎಸೆತವನ್ನೂ ನೋಡುತ್ತಾನೆ. ನಮ್ಮ ಅಂಪೈರ್ ಎಷ್ಟೋ ಸಲ ಚಾವಣಿಯನ್ನೇ ಹತ್ತಿರುವುದಿಲ್ಲ. ಅವನ ಮುಂದೆ ಇರುವುದು ನಮ್ಮಿಬ್ಬರ ಫೋಟೋಗಳು ಮತ್ತು ಕಾಗದ. ಕಾಗದದ ಮಹತ್ವ ಅಲ್ಲಿಂದಲೇ ಶುರುವಾಗುತ್ತದೆ, ಆದರೆ ನನಗೆ ಅದು ತಿಳಿದದ್ದು ತಡವಾಗಿ.

ಚಾವಣಿಯ ಕೆಲಸ ಮಾತ್ರ ಮೊದಲಿನಿಂದಲೂ ನನಗೆ ಇಷ್ಟ. ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೇ ಏಣಿ ಹಾಕಬೇಕು, ಹತ್ತರ ಹೊತ್ತಿಗೆ ಶಿಂಗಲ್, ಅಂದರೆ ಇಲ್ಲಿ ಹೆಂಚಿನ ಬದಲು ಹೊದಿಸುವ ಡಾಂಬರಿನ ಹಾಳೆ, ಮೆತ್ತಗಾಗಿ ಬೂಟಿನ ಗುರುತು ಉಳಿಯುತ್ತದೆ, ಆಮೇಲೆ ಆ ಗುರುತನ್ನೇ ಯಾರೋ ಆಲಿಕಲ್ಲಿನದ್ದು ಎನ್ನುತ್ತಾರೆ. ಪ್ರತಿ ಇಳಿಜಾರಿನಲ್ಲೂ ಸೀಮೆಸುಣ್ಣದಿಂದ ಹತ್ತಡಿಗೆ ಹತ್ತಡಿಯ ಒಂದು ಚೌಕ ಎಳೆದು, ಒಳಗಿನ ಪೆಟ್ಟುಗಳಿಗೆ ಒಂದೊಂದಾಗಿ ಸುತ್ತು ಹಾಕಿ ಎಣಿಸುತ್ತೇವೆ. ನಿಜವಾದ ಪೆಟ್ಟು ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಮೇಲಿನ ಹರಳುಪುಡಿ ಉದುರಿ ಕಪ್ಪು ಕಾಣುವ ಜಾಗದಲ್ಲಿ ಹೆಬ್ಬೆರಳು ಒತ್ತಿದರೆ, ಹಣ್ಣಾದ ಸಪೋಟದ ಹಾಗೆ ಒಳಗೆ ತಗ್ಗುತ್ತದೆ. ಕೆಳಗಿನ ನಾರುಹಾಳೆ ಬಿರಿದಿದೆ ಎಂದರ್ಥ. ಬಿಸಿಲಿಗೆ ಗುಳ್ಳೆ ಎದ್ದು ಒಡೆದ ಜಾಗವೂ ದೂರದಿಂದ ಹಾಗೆಯೇ ಕಾಣುತ್ತದೆ, ಆದರೆ ಅಂಚು ಚೂಪಾಗಿರುತ್ತದೆ, ಒತ್ತಿದರೆ ಗಟ್ಟಿ. ಅನುಮಾನ ಬಂದರೆ ಚಾವಣಿಯ ಮೇಲಿನ ಗಾಳಿಕೊಳವೆಯ ತಗಡಿನ ಮುಚ್ಚಳ ನೋಡುತ್ತೇನೆ. ಶಿಂಗಲ್ ಸುಳ್ಳು ಹೇಳಬಹುದು, ತಗಡು ಹೇಳುವುದಿಲ್ಲ. ಯಾವ ದಿಕ್ಕಿನಿಂದ ಕಲ್ಲು ಬಂತು, ಎಷ್ಟು ದಪ್ಪದ್ದು ಎಂಬುದು ಅದರ ಗುಳಿಯಲ್ಲಿ ಅಚ್ಚಾಗಿರುತ್ತದೆ.

ಸಾಗರದ ಹತ್ತಿರ ನಮ್ಮ ಅಪ್ಪನ ಹೆಂಚಿನ ಮನೆಯಲ್ಲಿ ಮಂಗಗಳು ವರ್ಷಕ್ಕೆ ನೂರು ಹೆಂಚು ಒಡೆಯುತ್ತಿದ್ದವು. ಮಳೆಗಾಲಕ್ಕೆ ಮುಂಚೆ ಏಣಿ ಹಾಕಿ ಬದಲಾಯಿಸುವುದು, ಮಂಗಗಳಿಗೆ ನಾಲ್ಕು ಮಾತು ಬೈಯುವುದು, ಅಷ್ಟಕ್ಕೆ ಕ್ಲೇಮು ಇತ್ಯರ್ಥ. ಇಲ್ಲಿ ಅದೇ ಏಣಿಯ ಬುಡದಲ್ಲಿ ವಕೀಲರು ನಿಂತಿರುತ್ತಾರೆ.

ಈಗ ನಾನು ಕೆಟ್ಟ ಕಥೆ. ಈ ವೃತ್ತಿಗೆ ಬಂದ ಎರಡನೆಯ ವರ್ಷ. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರ ಮನೆ, ಹದಿನೈದು ವರ್ಷದ ಚಾವಣಿ. ಕಂಪನಿಯ ಪರವಾಗಿ ನಷ್ಟ ಅಂದಾಜು ಮಾಡುವ ಅಡ್ಜಸ್ಟರ್ ಎರಡು ಇಳಿಜಾರು ರಿಪೇರಿ ಸಾಕೆಂದು 6,200 ಡಾಲರ್ ಬರೆದಿದ್ದ. ಆಕೆಯ ಪಾಲಿಸಿಯಲ್ಲಿ ಗಾಳಿ ಮತ್ತು ಆಲಿಕಲ್ಲಿಗೆ ಡಿಡಕ್ಟಿಬಲ್, ಅಂದರೆ ಮನೆಯವರೇ ಭರಿಸಬೇಕಾದ ಪಾಲು, ಮನೆಯ ವಿಮಾ ಮೊತ್ತದ ಶೇಕಡಾ 2. 4,50,000 ಡಾಲರ್‌ಗೆ ಅದು 9,000. ಹಾಗಾಗಿ ಆಕೆಗೆ ಬಂದದ್ದು ಸೊನ್ನೆ. ಪೂರ್ತಿ ಚಾವಣಿ ಬದಲಿಸಲು ಗುತ್ತಿಗೆದಾರ ಕೊಟ್ಟ ಅಂದಾಜು 24,800. ಆಕೆ ಅಪ್ರೈಸಲ್ ಕೇಳಿದರು, ನನ್ನನ್ನು ನೇಮಿಸಿದರು.

ನಾನು ಚೆನ್ನಾಗಿಯೇ ಕೆಲಸ ಮಾಡಿದೆ ಎಂದುಕೊಂಡಿದ್ದೆ. ನಾಲ್ಕೂ ಇಳಿಜಾರಿನಲ್ಲಿ ಚೌಕ ಎಳೆದು ಎಣಿಸಿದೆ. ಎದುರು ಪಕ್ಷದ ಅಪ್ರೈಸರ್, ನನಗಿಂತ ಇಪ್ಪತ್ತು ವರ್ಷ ಹಿರಿಯ, ಬಾಯಿ ಬಿಟ್ಟರೆ ಫುಟ್‌ಬಾಲ್ ಬಿಟ್ಟು ಬೇರೆ ಮಾತಿಲ್ಲದವ, ಹೆಚ್ಚು ಜಗಳವಾಡಲಿಲ್ಲ. ಪೂರ್ತಿ ಬದಲಾವಣೆ ಎಂಬುದಕ್ಕೆ ಒಪ್ಪಿದ. ದರಗಳ ಬಗ್ಗೆ ಕೊಸರಾಡಿದ. ಹೊಸ ಕಟ್ಟಡ ನಿಯಮದ ಪ್ರಕಾರ ಅಂಚಿಗೆ ಹಾಕಬೇಕಾದ ಲೋಹದ ಪಟ್ಟಿ ಮುಂತಾದವಕ್ಕೆ 2,600, ಮಲಗುವ ಕೋಣೆಯ ತಾರಸಿಯ ಒಳಮೈಯಲ್ಲಿ ನೀರಿನ ಕಲೆ ಬಿದ್ದದ್ದಕ್ಕೆ 3,000, ಹಳೆಯದಾದದ್ದಕ್ಕೆ ಕಳೆಯುವ ಸವಕಳಿ ಐದರಲ್ಲಿ ಒಂದು ಪಾಲು ಎಂದು ಕಾಫಿ ಕುಡಿಯುತ್ತಾ ಮಾತಾಡಿಕೊಂಡೆವು. ಉಳಿದ ವ್ಯತ್ಯಾಸವನ್ನು ಅಂಪೈರ್ ನಡುವೆ ಕತ್ತರಿಸಿದ. ಕೊನೆಗೆ ಸಿದ್ಧವಾದ ಕಾಗದದಲ್ಲಿ ಒಂದೇ ಸಾಲು: ನಷ್ಟದ ಮೊತ್ತ 21,400 ಡಾಲರ್. ಕೆಳಗೆ ಮೂವರ ಸಹಿ. ಮೂವರೂ ಸಹಿ ಹಾಕುವುದು ಅಪರೂಪ, ನನಗೆ ಹೆಮ್ಮೆಯೂ ಆಯಿತು. ಶಿಕ್ಷಕಿ ನನಗೆ ಪೀಕಾನ್ ಪೈ ಕಟ್ಟಿ ಕಳುಹಿಸಿದರು.

ಮೂರು ವಾರದ ಮೇಲೆ ಅವರಿಗೆ ಚೆಕ್ ಬಂತು. 480 ಡಾಲರ್.

ಜೊತೆಗಿದ್ದ ಪತ್ರದ ಲೆಕ್ಕವನ್ನು ನಾನು ಅವರ ಅಡುಗೆಮನೆಯ ಮೇಜಿನ ಮೇಲೆ ಮೂರು ಸಲ ಕೂಡಿ ಕಳೆದೆ. 21,400ರಲ್ಲಿ ನಿಯಮದ ಬಾಬತ್ತು 2,600, ಕೆಲಸ ಮುಗಿಸಿ ರಸೀತಿ ಕೊಟ್ಟ ಮೇಲೆ. ತಾರಸಿಯ 3,000, ಹಳೆಯ ಸೋರಿಕೆ, ಆಲಿಕಲ್ಲಿನದ್ದಲ್ಲ, ಪಾಲಿಸಿಗೆ ಒಳಪಡುವುದಿಲ್ಲ. ಉಳಿದ 15,800ಕ್ಕೆ ಚಾವಣಿಯ ವಯಸ್ಸು ನೋಡಿ ಸವಕಳಿ ಶೇಕಡಾ 40, ಅಂದರೆ 6,320. ಅದೂ ಕೆಲಸ ಮುಗಿದ ಮೇಲೆ. ಉಳಿದದ್ದು 9,480. ಡಿಡಕ್ಟಿಬಲ್ 9,000 ಕಳೆದರೆ 480. ತಪ್ಪೊಂದೂ ಇಲ್ಲದ ಗಣಿತ. ನನಗೂ ಅಂಪೈರ್‌ನ ಅರ್ಧ ಪಾಲಿಗೂ ಸೇರಿ ಆಕೆ ಆಗಲೇ 2,700 ಖರ್ಚು ಮಾಡಿದ್ದರು.

ಕಂಪನಿಯನ್ನು ಬೈಯುವುದು ಸುಲಭ, ಒಂದು ವಾರ ಬೈದೆ ಕೂಡ. ಆದರೆ ಆ ಖಾಲಿ ಜಾಗಗಳನ್ನು ಅವರಿಗೆ ಬಿಟ್ಟುಕೊಟ್ಟವನು ನಾನು. 21,400 ಎಂಬುದು ಹೊಸದಾಗಿ ಕಟ್ಟುವ ಬೆಲೆಯೋ, ಸವಕಳಿ ಕಳೆದ ಬೆಲೆಯೋ ಎಂದು ಕಾಗದ ಹೇಳಲಿಲ್ಲ. ಸವಕಳಿ ಎಷ್ಟು ಎಂದು ಹೇಳಲಿಲ್ಲ. ತಾರಸಿಯ ಕಲೆ, ಕಲ್ಲಿನ ಪೆಟ್ಟಿಗೆ ಬಿರಿದ ಕೊಳವೆಯ ಪಟ್ಟಿಯಿಂದ ಇಳಿದ ನೀರು ಎಂದು ನಾವಿಬ್ಬರೂ ಕಣ್ಣಾರೆ ನೋಡಿ ಒಪ್ಪಿದ್ದೆವು; ಅದೂ ಕಾಗದದಲ್ಲಿಲ್ಲ. ಕಾಫಿಯ ಜೊತೆ ಆಡಿದ ಐದರಲ್ಲಿ ಒಂದು ಪಾಲು ಬರವಣಿಗೆಗೆ ಬಂದಿದ್ದರೆ, 18,800ರಲ್ಲಿ 3,760 ಕಳೆದು, ಡಿಡಕ್ಟಿಬಲ್ ಕಳೆದು, ಮೊದಲ ಚೆಕ್ಕೇ 6,040 ಆಗುತ್ತಿತ್ತು. ಆಕೆ ಗುತ್ತಿಗೆದಾರನಿಗೆ ಮುಂಗಡ ಕೊಟ್ಟು ಕೆಲಸ ಶುರುಮಾಡಿಸಬಹುದಿತ್ತು. ನಿಂತುಹೋದದ್ದು ಅಲ್ಲಿಯೇ. ಸವಕಳಿಯ ಹಣ ಕೆಲಸ ಮುಗಿದ ಮೇಲೆ ಬರುತ್ತದೆ ನಿಜ, ಆದರೆ ಕೆಲಸ ಮುಗಿಸಲು ಕೈಯಲ್ಲಿ ಹಣ ಬೇಕಲ್ಲ.

ಅಂಪೈರ್‌ಗೆ ಫೋನ್ ಮಾಡಿದೆ. ‘ಸಹಿ ಹಾಕಿದ ಮೇಲೆ ನನ್ನ ಪಾತ್ರ ಮುಗಿಯಿತು’ ಎಂದ. ಹಿರಿಯ ಅಪ್ರೈಸರ್ ಮರ್ಯಾದೆಯಿಂದಲೇ ಮಾತಾಡಿದ, ಆದರೆ ಹೊಸ ಕಾಗದಕ್ಕೆ ಸಹಿ ಹಾಕಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಹಾಕುತ್ತಿರಲಿಲ್ಲವೇನೋ. ಕೊನೆಗೆ ವಕೀಲರ ಪತ್ರ, ಏಳು ತಿಂಗಳು, ಎರಡೂ ಕಡೆ ಸ್ವಲ್ಪ ಬಗ್ಗಿ ಒಂದು ರಾಜಿ. ನನ್ನ ಶುಲ್ಕವನ್ನು ಆಕೆಗೆ ವಾಪಸು ಕೊಟ್ಟೆ. ತೆಗೆದುಕೊಳ್ಳಲು ಮೂರು ಸಲ ನಿರಾಕರಿಸಿದರು, ನಾಲ್ಕನೆಯ ಸಲ ತೆಗೆದುಕೊಂಡರು.

ಆಮೇಲೆ ಕುಳಿತು ತೀರ್ಪುಗಳನ್ನು ಓದಿದೆ. ಮೊದಲೇ ಓದಬೇಕಿತ್ತು. ಟೆಕ್ಸಾಸ್ ಸುಪ್ರೀಂ ಕೋರ್ಟಿನ 2009ರ ತೀರ್ಪೊಂದು ಇದೇ ಪ್ಲೇನೋದ ಚಾವಣಿಯ ಮೇಲೆಯೇ ಬಂದದ್ದು. 2003ರ ಆಲಿಕಲ್ಲು, ಕಂಪನಿ ಹೇಳಿದ್ದು ಚಾವಣಿಯ ನೆತ್ತಿಯ ಸಾಲಿಗೆ ಮಾತ್ರ ಹಾನಿ, 499 ಡಾಲರ್ 50 ಸೆಂಟ್, ಗುತ್ತಿಗೆದಾರ ಹೇಳಿದ್ದು ಪೂರ್ತಿ ಬದಲಾವಣೆ, 13,000ಕ್ಕೂ ಹೆಚ್ಚು. ಇದು ಮೊತ್ತದ ಜಗಳವಲ್ಲ, ಕಾರಣದ ಜಗಳ, ಆದ್ದರಿಂದ ಅಪ್ರೈಸಲ್‌ಗೆ ಬರುವುದಿಲ್ಲ ಎಂಬುದು ಕಂಪನಿಯ ವಾದ. ನ್ಯಾಯಾಲಯ ಒಪ್ಪಲಿಲ್ಲ. ಯಾವ ಪೆಟ್ಟು ಕಲ್ಲಿನದ್ದು, ಯಾವುದು ಸವೆತದ್ದು ಎಂದು ಬೇರ್ಪಡಿಸದೆ ನಷ್ಟಕ್ಕೆ ಬೆಲೆ ಕಟ್ಟಲಾಗದು, ಅಷ್ಟರ ಮಟ್ಟಿಗೆ ಅಪ್ರೈಸರ್ ಕಾರಣವನ್ನೂ ನೋಡಬೇಕಾಗುತ್ತದೆ. ಹಣ ಕೊಡುವ ಹೊಣೆ ಕಂಪನಿಗೆ ಇದೆಯೋ ಇಲ್ಲವೋ ಎಂಬುದು ಮಾತ್ರ ನ್ಯಾಯಾಲಯದ ಕೆಲಸ. ಇದನ್ನು ಓದಿದಾಗ ಆ ತಾರಸಿಯ 3,000 ಕಣ್ಣ ಮುಂದೆ ಬಂತು. ನೀರು ಎಲ್ಲಿಂದ ಇಳಿಯಿತೆಂದು ಬರೆಯುವುದು ನನ್ನ ವ್ಯಾಪ್ತಿಯಲ್ಲೇ ಇತ್ತು. ಬರೆಯದೆ ಬಿಟ್ಟೆ.

ಈಗ ನನ್ನ ನಮೂನೆ ಎರಡು ಪುಟ. ಪ್ರತಿ ಬಾಬತ್ತಿಗೂ ಒಂದು ಸಾಲು, ಪ್ರತಿ ಸಾಲಿಗೂ ಹೊಸದರ ಬೆಲೆ, ಸವಕಳಿ, ಕಳೆದು ಉಳಿದದ್ದು ಎಂದು ಮೂರು ಕಾಲಮು. ಕಟ್ಟಡ ನಿಯಮದ ಬಾಬತ್ತು ಬೇರೆ ಕೋಷ್ಟಕದಲ್ಲಿ. ತಕರಾರಿರುವ ವಸ್ತುವಿಗೆ ಅದರದೇ ಬೆಲೆ ಮತ್ತು ನಾವು ಕಂಡ ಕಾರಣ ಒಂದು ವಾಕ್ಯದಲ್ಲಿ, ಮುಂದೆ ‘ಪಾಲಿಸಿಗೆ ಒಳಪಡುವುದಾದರೆ’ ಎಂಬ ಮಾತು. ನಾಳೆ ನ್ಯಾಯಾಲಯ ಅದು ಒಳಪಡುವುದಿಲ್ಲ ಎಂದರೆ ಆ ಒಂದು ಸಾಲು ಬಿದ್ದುಹೋಗುತ್ತದೆ, ಉಳಿದವು ನಿಲ್ಲುತ್ತವೆ. ಡಿಡಕ್ಟಿಬಲ್ಲನ್ನೂ ಹಿಂದೆ ಕೊಟ್ಟ ಹಣವನ್ನೂ ಈ ಮೊತ್ತದಿಂದ ಕಳೆದಿಲ್ಲ ಎಂದು ಕೊನೆಯಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ. ಕೆಲವು ಅಂಪೈರ್‌ಗಳಿಗೆ ಇದು ಕಿರಿಕಿರಿ, ‘ಒಂದು ಅಂಕಿ ಕೊಡಪ್ಪ, ಸಾಕು’ ಎನ್ನುತ್ತಾರೆ. ಕೊಡುವುದಿಲ್ಲ.

ಇನ್ನೆರಡು ಮಾತು. ಇಲ್ಲಿನ ಕನ್ನಡ ಸಂಘದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲೆಲ್ಲ ಯಾರಾದರೂ ಕೇಳುವುದರಿಂದ ಹೇಳುತ್ತಿದ್ದೇನೆ. ಗುತ್ತಿಗೆದಾರ ‘ಡಿಡಕ್ಟಿಬಲ್ ನಾನು ಹೊಂದಿಸಿಕೊಳ್ಳುತ್ತೇನೆ, ನೀವು ಕೊಡುವುದು ಬೇಡ’ ಎಂದರೆ ಅವನಿಗೆ ಬಾಗಿಲು ತೋರಿಸಿ. 2019ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಟೆಕ್ಸಾಸ್ ಕಾನೂನು ಅದಕ್ಕೆ ಅವಕಾಶ ಕೊಡುವುದಿಲ್ಲ. ಬಂದ ಹಣದಲ್ಲಿ ಇಷ್ಟು ಪಾಲು ಎಂದು ಶುಲ್ಕ ಕೇಳುವ ಅಪ್ರೈಸರ್ ಬೇಡ. ಪಾಲಿಸಿ ನಿಷ್ಪಕ್ಷಪಾತಿ ಬೇಕೆಂದು ಹೇಳಿದ್ದರೆ, ಎದುರು ಪಕ್ಷ ಅದನ್ನೇ ಹಿಡಿದು ಇಡೀ ತೀರ್ಪನ್ನು ಪ್ರಶ್ನಿಸಬಹುದು. ಕೊಲರಾಡೋದ ಸುಪ್ರೀಂ ಕೋರ್ಟ್ 2019ರಲ್ಲಿ, ನಿಷ್ಪಕ್ಷಪಾತಿ ಎಂದು ಬರೆದಿದ್ದರೆ ನಿಮ್ಮ ಅಪ್ರೈಸರ್ ನಿಮ್ಮ ವಕೀಲನಂತೆ ವಾದಿಸುವ ಹಾಗಿಲ್ಲ ಎಂದಿತು. ನಾನು ಗಂಟೆಗಿಷ್ಟು ಎಂದು ತೆಗೆದುಕೊಳ್ಳುತ್ತೇನೆ, ಸೋತರೂ ಅಷ್ಟೇ, ಗೆದ್ದರೂ ಅಷ್ಟೇ. ಪಾಲಿಸಿಯಲ್ಲಿ ಕಲಮು ಇದೆಯೇ ಎಂದು ಮೊದಲು ನೋಡಿ. ಕೆಲವದರಲ್ಲಿ ಈಗ ಅದು ಇಲ್ಲ, ಕೆಲವದರಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ. ವ್ಯತ್ಯಾಸ ಮೂರು ಸಾವಿರ ಡಾಲರ್ ಎಂದರೆ ನನ್ನನ್ನು ಕರೆಯಬೇಡಿ. ಫೋಟೋ ಸಮೇತ ಮರುಪರಿಶೀಲನೆ ಕೇಳಿ.

ಕಳೆದ ವಸಂತದಲ್ಲಿ ಮೆಕಿನ್ನಿಯ ಒಂದು ಮನೆಗೆ ಹೋದಾಗ, ಎದುರು ಪಕ್ಷದ ಟ್ರಕ್ಕಿನಿಂದ ಇಳಿದವನು ಅದೇ ಫುಟ್‌ಬಾಲ್ ಹಿರಿಯ. ಮಂಡಿ ನೋವಂತೆ, ಏಣಿಯನ್ನು ನಾನೇ ಹಿಡಿದುಕೊಂಡೆ. ಮೇಲೆ ಹತ್ತುವ ಮೊದಲು ಅವನು ಟ್ರಕ್ಕಿನ ಬಾನೆಟ್ ಮೇಲೆ ಒಂದು ಕಾಗದ ಹರಡಿ, ಗಾಳಿಗೆ ಹಾರದಂತೆ ಅಳತೆ ಟೇಪು ಇಟ್ಟ. ಹದಿನಾಲ್ಕು ಸಾಲು, ಮೂರು ಕಾಲಮು, ಎಲ್ಲವೂ ಖಾಲಿ. ‘ಇದನ್ನು ಮೊದಲು ಒಪ್ಪಿಕೊಳ್ಳೋಣ’ ಎಂದ. ಹನ್ನೊಂದು ಸಾಲು ಅಂದು ಮಧ್ಯಾಹ್ನವೇ ತುಂಬಿದವು. ಉಳಿದ ಮೂರನ್ನು ಅಂಪೈರ್‌ಗೆ ಕಳುಹಿಸಿದೆವು.