ಬಟಾಣಿ ಪಾಟ್ ಅಪ್ಡೇಟ್ 4: ಈ ವಾರ ಗುಲಗಂಜಿ ತೂಗಿದ್ದು

ಹೋದ ಸಲ ಬರೆದಾಗ ಬಟಾಣಿ ಬಳ್ಳಿ ಮೊಣಕಾಲುದ್ದ ಇತ್ತು, ಈಗ ನಾನು ಕಟ್ಟಿದ್ದ ದಾರ ಎಲ್ಲಾ ಹತ್ತಿ ಮುಗ್ಸಿ ಬಟ್ಟೆ ಒಣಗಿಸೋ ತಂತಿಗೆ ಕೈ ಹಾಕಿದೆ. ನವೆಂಬರಲ್ಲಿ ಹಾಕಿದ್ದು, ದಿನಸಿ ಅಂಗಡಿ ಒಣ ಬಟಾಣಿನೇ ರಾತ್ರಿ ನೆನೆಸಿ ಊರಿದ್ದೆ, 20ರಲ್ಲಿ 13 ಬಂತು. ಕೆಳಗಿನ ಎಲೆಗೆ ಬೂದಿ ರೋಗ ಶುರುವಾಗಿದೆ, ಕಿತ್ತು ಹಾಕ್ತಿದೀನಿ.

ಒಂದು ಗಿಡ ಸೊರಗಿತ್ತು ಅಂತ ಬೇರು ಸಮೇತ ಎತ್ತಿದೆ. ಬೇರಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪ ಗಂಟುಗಳು, ಬ್ಲೇಡಲ್ಲಿ ಒಂದನ್ನ ಸೀಳಿದ್ರೆ ಒಳಗೆ ತಿಳಿ ಗುಲಾಬಿ! ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡೋ ಬ್ಯಾಕ್ಟೀರಿಯಾ ಇರೋ ಮನೆ ಅದು, ಗುಲಾಬಿ ಇದ್ರೆ ಕೆಲಸ ನಡೀತಿದೆ ಅಂತರ್ಥ. ಎಷ್ಟು ಹೊತ್ತು ನೋಡ್ತಾ ಕೂತೆನೋ.

ಹೂವೂ ಬಿಡಿಸಿ ನೋಡ್ದೆ. ಹಿಂದೆ ಬಾವುಟದ ಥರ ಒಂದು ದೊಡ್ಡ ದಳ, ಆಚೆ ಈಚೆ ಎರಡು ರೆಕ್ಕೆ, ಮಧ್ಯ ಎರಡು ದಳ ಕೂಡ್ಕೊಂಡು ದೋಣಿ ಆಗಿರುತ್ತೆ, ದೋಣಿಯೊಳಗೆ ಕೇಸರ 10, ಅದರಲ್ಲಿ 9 ಒಟ್ಟಿಗೆ, 1 ಮಾತ್ರ ಬೇರೆ. ಪಕ್ಕದ ಪಾಟಿನ ಅವರೆ ಹೂ ಬಿಡಿಸಿದ್ರೆ ಅದೇ ಲೆಕ್ಕ. ಶಂಖಪುಷ್ಪದ್ದೂ ಇದೇ ಕುಟುಂಬ ಆದ್ರೆ ಹೂ ತಲೆಕೆಳಗು, ದೋಣಿ ಮೇಲೆ ಬಾವುಟ ಕೆಳಗೆ, ದಿನಾ ಪೂಜೆಗೆ ಕೀಳ್ತಿದ್ರೂ ನಾನು ಇದನ್ನ ಗಮನಿಸಿರ್ಲಿಲ್ಲ.

ಇನ್ನು ಗುಲಗಂಜಿ, ಇದೂ ಬಟಾಣಿ ಕುಟುಂಬದ್ದೇ. ಇದನ್ನ ಇಂಗ್ಲಿಷಲ್ಲಿ ರೋಸರಿ ಪೀ ಅಂತಾರೆ, ಜಪಮಾಲೆ ಬಟಾಣಿ ಅನ್ನಬಹುದು, ನಮ್ಮಲ್ಲಿ ಮಾತ್ರ ಇದರ ಹೆಸರು ಅಕ್ಕಸಾಲಿಗರ ತಕ್ಕಡಿಗೇ ಹೋಯ್ತು. ‘ಗುಲಗಂಜಿಯಷ್ಟೂ ಚಿನ್ನ ಇಲ್ಲ’ ಅಂತೀವಲ್ಲ, ಅದು ನಿಜವಾದ ತೂಕ. ಹಳೇ ಲೆಕ್ಕದಲ್ಲಿ 96 ಗುಲಗಂಜಿ ಅಂದ್ರೆ 1 ತೊಲ, ತೊಲ ಅಂದ್ರೆ 11.66 ಗ್ರಾಂ. ಗ್ರಂಥಿಗೆ ಅಂಗಡಿಯಿಂದ ತಂದು 96 ಎಣಿಸಿ ನನ್ನ ಪುಟ್ಟ ಡಿಜಿಟಲ್ ತಕ್ಕಡಿ ಮೇಲೆ ಸುರಿದೆ: 10.8 ಗ್ರಾಂ. ಒಂದು ಗ್ರಾಂ ಕೂಡ ವ್ಯತ್ಯಾಸ ಇಲ್ಲ, ಬಳ್ಳಿಲಿ ಬೆಳೆದ ಕಾಳು ಇಷ್ಟು ಹತ್ತಿರ ಬರುತ್ತೆ ಅಂದ್ರೆ ನಂಗೆ ಮೈ ಜುಮ್ ಅಂತು. ಕಾಳೊಳಗೆ ಭಾರಿ ವಿಷ ಇದೆ, ಅಗಿದ್ರೆ ಪ್ರಾಣಕ್ಕೇ ಅಪಾಯ, ಅಕ್ಕನ ಮಗ ಬರ್ತಾನೆ ಅಂತ ಬಾಟ್ಲಿಗೆ ಹಾಕಿ ಮೇಲಿನ ಶೆಲ್ಫಲ್ಲಿಟ್ಟಿದೀನಿ. ಮನೇಲಿ ಮಕ್ಕಳಿದ್ರೆ ದಯವಿಟ್ಟು ಕೈಗೆ ಸಿಗದ ಹಾಗಿಡಿ.

ಅಮ್ಮ ಇದೆಲ್ಲಾ ನೋಡಿ ‘ಅಳಗುಳಿಮಣೆ ಕಾಳಿನ ಡಬ್ಬಿನೂ ತಗೊಂಬಾ’ ಅಂದ್ರು. ತೆಗೆದ್ರೆ ಹುಣಸೆ ಬೀಜ, ಮಂಜಾಡಿ ಅನ್ನೋ ಮರದ ಕೆಂಪು ಬೀಜ. ಎರಡೂ ಬಟಾಣಿ ಕುಟುಂಬವೇ! ಅಜ್ಜಿ ಆಡ್ತಿದ್ದ ಮಣೆಯ 14 ಗುಳಿ ತುಂಬಾ ಒಂದೇ ವಂಶ ಕೂತಿತ್ತು. ತಮಿಳ್ನಾಡಲ್ಲಿ ಮಂಜಾಡಿನೂ ಚಿನ್ನದ ತೂಕವೇ ಆಗಿತ್ತು, ಅಲ್ಲಿ ಎರಡು ಗುಲಗಂಜಿಗೆ ಒಂದು ಮಂಜಾಡಿ. ಡಬ್ಬೀಲಿ 41 ಇವೆ, ಭಾನುವಾರ ತೂಗ್ತೀನಿ. ಮೊದಲ ಬಟಾಣಿ ಕಾಯಿ ಕಿರುಬೆರಳಷ್ಟಾಗಿದೆ, ಬೆಳಕಿಗೆ ಹಿಡಿದ್ರೆ ಒಳಗೆ ಆರು ಚುಕ್ಕೆ ಕಾಣುತ್ತೆ.