ಹನ್ನೊಂದನೇ ನೋಡ್

ಉಳ್ಳಾಲದ ಕಡಲ್ಕೊರೆತದ ಅಧ್ಯಯನಕ್ಕೆಂದು ಅಲೆಗಳ ಸಿಮ್ಯುಲೇಷನ್ ಓಡಿಸುತ್ತಿದ್ದ ಜುಲೈ ತಿಂಗಳು. ನಮ್ಮ ಕ್ಲಸ್ಟರ್ ಎಂದರೆ ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ 16 ಕಂಪ್ಯೂಟರುಗಳು, ಅಂದರೆ ನೋಡ್‌ಗಳು. ಅವುಗಳಲ್ಲಿ ಹನ್ನೊಂದನೆಯದು ವಾರದಿಂದ ‘ಕರೆಕ್ಟಬಲ್ ಎರರ್’ (ಮೆಮೊರಿಯಲ್ಲಿ ಸರಿಮಾಡಬಹುದಾದ ತಪ್ಪು) ಎಂದು ಮೇಲ್ ಕಳುಹಿಸುತ್ತಲೇ ಇತ್ತು. ಅವೆಲ್ಲ ಬೇರೊಂದು ಫೋಲ್ಡರಿಗೆ ಬೀಳುವಂತೆ ಫಿಲ್ಟರ್ ಹಾಕಿ ನಾನು ಗೋಳಿಬಜೆ ತಿನ್ನಲು ಹೋಗಿದ್ದೆ. 64 ಬಿಟ್‌ಗೆ 8 ಕಾವಲು ಬಿಟ್ ಇಟ್ಟುಕೊಂಡ ಇಸಿಸಿ (ತಪ್ಪು ತಿದ್ದಿಕೊಳ್ಳುವ) ಮೆಮೊರಿ ಅದು. ಒಂದು ಬಿಟ್ ತಿರುಗಿದರೆ ತಾನೇ ಸರಿಮಾಡಿಕೊಳ್ಳುತ್ತದೆ. ಮತ್ತೆ ನನಗೇಕೆ ದೂರು?

ರಾತ್ರಿ 2:40ಕ್ಕೆ ಮೊಬೈಲ್ ಬಡಿದುಕೊಂಡಿತು. ಈ ಸಲ ಒಟ್ಟಿಗೆ ಎರಡು ಬಿಟ್ ಕೆಟ್ಟಿದ್ದವು. ಅದನ್ನು ಇಸಿಸಿ ಪತ್ತೆ ಹಚ್ಚುತ್ತದೆಯೇ ಹೊರತು ಸರಿಮಾಡಲಾರದು. ನೋಡ್ ಪ್ಯಾನಿಕ್ ಆಗಿ ಬಿತ್ತು, ಅದರ ಹಿಂದೆಯೇ, ನೋಡ್‌ಗಳೆಲ್ಲ ಎಂಪಿಐ ಮೂಲಕ ಮಾತಾಡಿಕೊಂಡು ಓಡಿಸುತ್ತಿದ್ದ ಇಡೀ ಜಾಬ್ ಕೂಡ. ಕೊನೆಯ ಚೆಕ್‌ಪಾಯಿಂಟ್ (ಬಿದ್ದರೆ ಅಲ್ಲಿಂದಲೇ ಮುಂದುವರಿಸಲು ಡಿಸ್ಕಿಗೆ ಬರೆದಿಟ್ಟ ಲೆಕ್ಕದ ಸ್ಥಿತಿ) ಹಿಂದಿನ ಮುಂಜಾನೆ ನಾಲ್ಕೂವರೆಯದು. ನಮ್ಮ ಡಿಸ್ಕಿನಲ್ಲಿ ಒಂದು ಚೆಕ್‌ಪಾಯಿಂಟ್ ಬರೆಯಲು 20 ನಿಮಿಷ ಬೇಕು. ಸಮಯ ಉಳಿಯಲಿ ಎಂದು ದಿನಕ್ಕೊಂದೇ ಸಾಕೆಂದವನು ನಾನೇ.

ಹೊರಗೆ ಮಳೆ ಹೊಯ್ಯುತ್ತಿತ್ತು. ಲಾಗಿನ್ ಆಗುವಷ್ಟರಲ್ಲಿ ಆ ನೋಡ್ ತಾನೇ ರೀಬೂಟ್ ಆಗಿ ‘ಐಡಲ್’ (ಕೆಲಸವಿಲ್ಲದೆ ಖಾಲಿ) ಎಂದು ತೋರಿಸುತ್ತಿತ್ತು. ಎರರ್ ಕೌಂಟ್ ನೋಡಿದೆ: ಸೊನ್ನೆ. ರೀಬೂಟ್ ಆದರೆ ಆ ಎಣಿಕೆ ಸೊನ್ನೆಯಿಂದಲೇ ಶುರುವಾಗುತ್ತದೆ ಎಂಬುದು ನನಗೆ ಗೊತ್ತಿರದ ಸಂಗತಿಯಲ್ಲ. ಆದರೆ ನಿದ್ದೆಗಣ್ಣಿಗೆ ಆ ಸೊನ್ನೆ ಎಷ್ಟು ಹಿತವಾಗಿ ಕಂಡಿತೆಂದರೆ, ಜಾಬ್ ಮತ್ತೆ ಹಚ್ಚಿ ಮಲಗಿಬಿಟ್ಟೆ. ಜಾಬ್‌ಗಳಿಗೆ ನೋಡ್ ಹಂಚುವ ಸ್ಲರ್ಮ್ ತಂತ್ರಾಂಶ ಅದೇ ನೋಡನ್ನು ಕೊಟ್ಟಿತು. ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಅದೇ ಗತಿ. ಆ ನೋಡಿಗೆ ಹೊಸ ಜಾಬ್ ಹೋಗದಂತೆ ‘ಡ್ರೈನ್’ ಮಾಡಲು ಬೇಕಿದ್ದದ್ದು ಒಂದು ಸಾಲಿನ ಕಮಾಂಡ್.

“ಸರಿಮಾಡಿದೆ, ಸರಿಮಾಡಿದೆ ಎಂದು ಒಬ್ಬ ಸಾವಿರ ಸಲ ಹೇಳಿದರೆ ಎಂತ ಅರ್ಥ ಮಾರಾಯರೇ?” ಎಂದರು ಹಿರಿಯ ಸಹೋದ್ಯೋಗಿ. ದೂರುತ್ತಿದ್ದ ಡಿಮ್ಮನ್ನು (ಮೆಮೊರಿ ಚಿಪ್‌ಗಳ ಪಟ್ಟಿಯನ್ನು) ಬೇರೆ ಸ್ಲಾಟಿಗೆ ಹಾಕಿ ನೋಡಿದೆವು. ಎರರ್ ಅದರ ಜೊತೆಗೇ ಹೋಯಿತು, ಸ್ಲಾಟ್ ನಿರಪರಾಧಿ.

ಚೆಕ್‌ಪಾಯಿಂಟ್ ಅಂತರಕ್ಕೆ ಜಾನ್ ಯಂಗ್ 1974ರಲ್ಲೇ ಸೂತ್ರ ಕೊಟ್ಟಿದ್ದಾರೆ: ಬರೆಯುವ ಸಮಯವನ್ನು ಎರಡು ವೈಫಲ್ಯಗಳ ನಡುವಿನ ಸರಾಸರಿ ಸಮಯದಿಂದ ಗುಣಿಸಿ, ಇಮ್ಮಡಿ ಮಾಡಿ, ವರ್ಗಮೂಲ ತೆಗೆಯುವುದು. ಬರೆಯಲು 20 ನಿಮಿಷ, ಮೂರು ದಿನಕ್ಕೊಂದು ವೈಫಲ್ಯ ಎಂದಿಟ್ಟುಕೊಂಡರೆ ಸುಮಾರು ಏಳು ಗಂಟೆ. ಈಗ ಆರಕ್ಕೊಮ್ಮೆ ಬರೆಸುತ್ತೇನೆ. ಫಿಲ್ಟರ್ ತೆಗೆದಿದ್ದೇನೆ.

ಹನ್ನೊಂದನೆಯದು ಇನ್ನೂ ಡ್ರೈನ್‌ನಲ್ಲೇ ಇದೆ. ಹೊಸ ಡಿಮ್ಮಿಗೆ ಮೂರು ಕೊಟೇಶನ್ ಜೊತೆ ಕಡತ ಕಳುಹಿಸಿದರೆ, ಲೆಕ್ಕಪತ್ರ ವಿಭಾಗದಿಂದ ಟಿಪ್ಪಣಿಯೊಂದಿಗೆ ವಾಪಸು ಬಂತು: “ತಾನೇ ಸರಿಮಾಡಿಕೊಳ್ಳುತ್ತದೆ ಎಂದಮೇಲೆ ಹೊಸದೇಕೆ?” ಅವರನ್ನು ಬೈಯಲು ನನಗೆ ಬಾಯಿಲ್ಲ.